ಎಲೆಕ್ಟ್ರಿಕಲ್ ಪದವಿಯ ಕಠಿಣ ವಿಷಯಗಳನ್ನು ಓದುವ ಬಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ

ಎಲೆಕ್ಟ್ರಿಕಲ್ ವಿಭಾಗಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಸೀನಿಯರ್‌ಗಳು ಮೊದಲ ವಾರದಲ್ಲೇ ಒಂದು ಪಟ್ಟಿ ಒಪ್ಪಿಸಿಬಿಡುತ್ತಾರೆ: ಫೀಲ್ಡ್ ಥಿಯರಿ, ಸಿಗ್ನಲ್ಸ್, ಕಂಟ್ರೋಲ್ ಸಿಸ್ಟಮ್ಸ್, ಮಷೀನ್ಸ್, ಪವರ್ ಸಿಸ್ಟಮ್ ಅನಾಲಿಸಿಸ್. ಪಟ್ಟಿ ಸುಳ್ಳಲ್ಲ. ಆದರೆ ಈ ಐದೂ ಒಂದೇ ಕಾರಣಕ್ಕೆ ಕಠಿಣವಲ್ಲ. ಆದ್ದರಿಂದ ಐದನ್ನೂ ಒಂದೇ ರೀತಿಯಲ್ಲಿ, ಅಂದರೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು ಉತ್ತರ ಉರು ಹೊಡೆಯುವ ರೀತಿಯಲ್ಲಿ ಓದಿ ದಾಟಲು ಆಗುವುದಿಲ್ಲ. ಫೀಲ್ಡ್ ಥಿಯರಿಯ ತೊಡಕಿರುವುದು ಅದರ ವಸ್ತು ಕಣ್ಣಿಗೆ ಕಾಣದಿರುವುದರಲ್ಲಿ. ಸಿಗ್ನಲ್ಸ್ ಮತ್ತು ಕಂಟ್ರೋಲ್‌ನ ತೊಡಕು ಆ ಪುಸ್ತಕಗಳಲ್ಲಿಲ್ಲ, ಅವಕ್ಕಿಂತ ಎರಡು ಸೆಮಿಸ್ಟರ್ ಹಿಂದಿನ ಗಣಿತದಲ್ಲಿದೆ. ಮಷೀನ್ಸ್‌ನಲ್ಲಿ ಒಂದೇ ಕವಚದೊಳಗೆ ಹಲವು ಸಂಗತಿಗಳು ಏಕಕಾಲಕ್ಕೆ ನಡೆಯುತ್ತವೆ, ಪವರ್ ಸಿಸ್ಟಮ್‌ನಲ್ಲಿ ಲೆಕ್ಕ ಉದ್ದವಾಗುತ್ತದೆ. ಯಾವ ವಿಷಯ ಎಷ್ಟನೇ ಸೆಮಿಸ್ಟರಿಗೆ ಬರುತ್ತದೆ ಎಂಬುದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸ್ಕೀಮು ಬದಲಾದಂತೆ ಅತ್ತಿತ್ತ ಸರಿಯುತ್ತದೆಯಾದರೂ ತೊಡಕಿನ ಸ್ವರೂಪ ಹಾಗೆಯೇ ಉಳಿದಿದೆ.

ಈ ಮೂರು ಜಿಲ್ಲೆಗಳಲ್ಲಿ ಓದುವವರಿಗೆ ಒಂದು ಅನುಕೂಲವಿದೆ, ಅದನ್ನು ಬಹಳ ಮಂದಿ ಬಳಸಿಕೊಳ್ಳುವುದಿಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 210 ಮೆಗಾವ್ಯಾಟ್‌ನ ಏಳು ಮತ್ತು 250 ಮೆಗಾವ್ಯಾಟ್‌ನ ಒಂದು ಘಟಕ ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿದೆ. ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ, ಕುಡತಿನಿಯಲ್ಲಿ 1,700 ಮೆಗಾವ್ಯಾಟ್‌ನ ಕೇಂದ್ರವಿದೆ, ಮುನಿರಾಬಾದ್‌ನಲ್ಲಿ ತುಂಗಭದ್ರೆಯ ನೀರಿನಿಂದ ನಡೆಯುವ ಜಲವಿದ್ಯುದಾಗಾರವಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಷ್ಟಗಿ ಕಡೆಯ ಗಾಳಿ ಯಂತ್ರಗಳು, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳು ಬೇರೆ. ಪಠ್ಯದ ಬಹುಪಾಲು ಉದಾಹರಣೆಗಳು ಇಲ್ಲಿ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಮುಂದೆ ಕೊಟ್ಟಿರುವ ಲೆಕ್ಕಗಳಲ್ಲಿ ಕೆಲವನ್ನು ಇವುಗಳಿಂದಲೇ ಆಯ್ದುಕೊಂಡಿದ್ದೇನೆ.

ಮೊದಲು ಗಣಿತವನ್ನು ಪರೀಕ್ಷಿಸಿಕೊಳ್ಳಿ

ಕಠಿಣವೆನಿಸಿದ ವಿಷಯದ ಪುಸ್ತಕ ತೆರೆಯುವ ಮೊದಲು ಒಂದು ಖಾಲಿ ಹಾಳೆ ತೆಗೆದುಕೊಂಡು, ಯಾವ ಸೂತ್ರಪಟ್ಟಿಯನ್ನೂ ನೋಡದೆ ನಾಲ್ಕು ಕೆಲಸ ಮಾಡಿ ನೋಡಿ. ಒಂದು ಸಂಕೀರ್ಣ ಸಂಖ್ಯೆಯನ್ನು ಪೋಲಾರ್ ರೂಪಕ್ಕೆ ತಂದು ಇನ್ನೊಂದರಿಂದ ಭಾಗಿಸಿ; ಮೂರು ಅಪವರ್ತನಗಳಿರುವ ಛೇದವನ್ನು ಪಾರ್ಷಿಯಲ್ ಫ್ರ್ಯಾಕ್ಷನ್‌ಗಳಾಗಿ ಒಡೆಯಿರಿ; ಸ್ಥಿರ ಗುಣಾಂಕಗಳ ಎರಡನೇ ಕ್ರಮದ ಡಿಫರೆನ್ಷಿಯಲ್ ಸಮೀಕರಣವೊಂದನ್ನು ಆರಂಭಿಕ ಮೌಲ್ಯಗಳೊಂದಿಗೆ ಬಿಡಿಸಿ; ಗೋಳದ ಮೇಲ್ಮೈ ವಿಸ್ತೀರ್ಣವನ್ನು ಇಂಟಿಗ್ರೇಷನ್ ಮೂಲಕ ಪಡೆಯಿರಿ. ಯಾವುದು ನಿಂತಿತೋ ಅದೇ ನಿಮ್ಮ ಮುಂದಿನ ಬ್ಯಾಕ್‌ಲಾಗಿನ ಮುನ್ಸೂಚನೆ. ಮೊದಲೆರಡು ಬಾರದಿದ್ದರೆ ಸರ್ಕ್ಯೂಟ್ಸ್ ಮತ್ತು ಕಂಟ್ರೋಲ್, ಮೂರನೆಯದು ಬಾರದಿದ್ದರೆ ಟ್ರಾನ್ಸಿಯೆಂಟ್ಸ್ ಮತ್ತು ಸಿಗ್ನಲ್ಸ್, ನಾಲ್ಕನೆಯದು ಬಾರದಿದ್ದರೆ ಫೀಲ್ಡ್ ಥಿಯರಿ ಕೈಕೊಡುವುದು ಬಹುತೇಕ ಖಚಿತ.

ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ವೈಂಡಿಂಗ್, ಸ್ಟಾರ್ಟರ್, ಮೀಟರ್ ಎಂದರೆ ಅವರ ಕೈ ಪಳಗಿರುತ್ತದೆ, ಲ್ಯಾಬಿನಲ್ಲಿ ಅವರೇ ಉಳಿದವರಿಗೆ ಹೇಳಿಕೊಡುತ್ತಾರೆ. ಆದರೆ ಪಿಯುಸಿ ಮತ್ತು ಮೊದಲ ವರ್ಷದ ಕ್ಯಾಲ್ಕುಲಸ್ ಅವರಿಗೆ ತಪ್ಪಿರುತ್ತದೆ. ಅವರಿಗೆಂದೇ ಇಡುವ ಹೆಚ್ಚುವರಿ ಗಣಿತವನ್ನು ಪಾಸಾದರೆ ಸಾಕೆಂಬ ವಿಷಯವಾಗಿ ನೋಡುವುದು ಸರಿಯಲ್ಲ. ಅದಕ್ಕೆ ಹಾಕಿದ ಶ್ರಮ ಮುಂದಿನ ಎರಡು ವರ್ಷದ ವಿಷಯಗಳಿಗೆ ಸಲ್ಲುತ್ತದೆ.

ಸರ್ಕ್ಯೂಟ್ ಅನಾಲಿಸಿಸ್ ತಾನಾಗಿ ಅಷ್ಟು ಕಠಿಣವಲ್ಲ, ಆದರೆ ಅದರಲ್ಲಿ ಅರೆಬರೆಯಾದವರಿಗೆ ಮುಂದಿನದೆಲ್ಲ ಕಠಿಣವೇ. ಏರಿಳಿಯುವ ಎಸಿ ಪ್ರವಾಹವನ್ನು ಸಂಕೀರ್ಣ ಸಂಖ್ಯೆಯಾಗಿ ಬರೆದು ಬೀಜಗಣಿತದಿಂದಲೇ ಬಿಡಿಸುವ ವಿಧಾನವನ್ನು 1893ರಲ್ಲಿ ಸ್ಟೈನ್‌ಮೆಟ್ಜ್ ಮಂಡಿಸಿದ ಮೇಲೆ ಎಂಜಿನಿಯರುಗಳು ಡಿಫರೆನ್ಷಿಯಲ್ ಸಮೀಕರಣಗಳ ಕಾಟದಿಂದ ಬಹುಮಟ್ಟಿಗೆ ಪಾರಾದರು. ಆ ವಿಧಾನವನ್ನು ಒಂದು ಗಿರಣಿಯ ಮೇಲೆ ಪ್ರಯೋಗಿಸಿ ನೋಡಿ. 100 ಕಿಲೋವ್ಯಾಟ್ ಲೋಡಿನ ಅಕ್ಕಿ ಗಿರಣಿಯೊಂದು 0.8 ಪವರ್ ಫ್ಯಾಕ್ಟರಿನಲ್ಲಿ (ಒಟ್ಟು ಪವರಿನಲ್ಲಿ ನಿಜಕ್ಕೂ ಕೆಲಸ ಮಾಡುವ ಪಾಲು) ನಡೆಯುತ್ತಿದೆ, ಅದನ್ನು 0.95ಕ್ಕೆ ಏರಿಸಬೇಕು ಎಂದುಕೊಳ್ಳಿ. ಮೊದಲು ಬೇಕಾಗಿದ್ದ ರಿಯಾಕ್ಟಿವ್ ಪವರ್ 75 ಕೆವಿಎಆರ್, ಅನಂತರದ್ದು ಸುಮಾರು 33. ಆದ್ದರಿಂದ ಸುಮಾರು 42 ಕೆವಿಎಆರ್ ಕೆಪಾಸಿಟರ್ ಹಾಕಬೇಕು. ಇದನ್ನು ಸೂತ್ರ ನೆನಪಿಲ್ಲದೆ, ಬರಿಯ ತ್ರಿಕೋನ ಬರೆದು ಹೇಳಬಲ್ಲಿರಾದರೆ ಸರ್ಕ್ಯೂಟ್ಸ್ ನಿಮಗೆ ದಕ್ಕಿದೆ ಎಂದರ್ಥ. ಗಿರಣಿಗೆ ಹೋಗಿ ಕೆಪಾಸಿಟರ್ ಪ್ಯಾನೆಲ್ ನೋಡುವುದು ಒಳ್ಳೆಯದೇ, ಆದರೆ ಹೊರಗಿನಿಂದ ನೋಡಿ: ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್ ಸ್ವಲ್ಪ ಹೊತ್ತು ಚಾರ್ಜ್ ಹಿಡಿದುಕೊಂಡಿರುತ್ತದೆ.

ಫೀಲ್ಡ್ ಥಿಯರಿ

ನನ್ನ ತೀರ್ಮಾನದಲ್ಲಿ ಇಡೀ ಪದವಿಯಲ್ಲಿ ಅತಿ ಕಠಿಣವಾದ ವಿಷಯ ಇದೇ. ಸರ್ಕ್ಯೂಟಿನಲ್ಲಿ ಪ್ರವಾಹ ತಂತಿಯಲ್ಲಿ ಮಾತ್ರ ಹರಿಯುತ್ತದೆ, ವೋಲ್ಟೇಜ್ ಎರಡು ಬಿಂದುಗಳ ನಡುವೆ ಮಾತ್ರ ಇರುತ್ತದೆ. ಇಲ್ಲಿ ಹಾಗಲ್ಲ: ಜಾಗದ ಪ್ರತಿ ಬಿಂದುವಿನಲ್ಲಿಯೂ ಒಂದು ಪರಿಮಾಣವಿದೆ, ಅದಕ್ಕೆ ದಿಕ್ಕೂ ಇದೆ, ಅದು ಜಾಗದೊಂದಿಗೂ ಕಾಲದೊಂದಿಗೂ ಬದಲಾಗುತ್ತದೆ. ಜೊತೆಗೆ ಮೂರು ನಿರ್ದೇಶಾಂಕ ಪದ್ಧತಿಗಳು, ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಎಂಬ ಮೂರು ಕ್ರಿಯೆಗಳು. ಮೊದಲ ತಿಂಗಳಲ್ಲೇ ಇವೆಲ್ಲ ಒಟ್ಟಿಗೆ ಬರುವುದರಿಂದ ವಿದ್ಯಾರ್ಥಿಯು ಗೋಳೀಯ ನಿರ್ದೇಶಾಂಕದ ಕರ್ಲ್ ಸೂತ್ರವನ್ನು ಬಾಯಿಪಾಠ ಮಾಡಲು ಕುಳಿತುಕೊಳ್ಳುತ್ತಾನೆ, ಅಲ್ಲಿಗೆ ವಿಷಯ ಕೈತಪ್ಪುತ್ತದೆ.

ಬದಲಿಗೆ ಹೀಗೆ ಮಾಡಿ. ಯಾವ ಲೆಕ್ಕವೇ ಆಗಲಿ, ಸಮೀಕರಣ ಬರೆಯುವ ಮೊದಲು ಚಿತ್ರ ಬರೆಯಿರಿ. ಚಿತ್ರದಲ್ಲಿ ಚಾರ್ಜ್ ಅಥವಾ ಪ್ರವಾಹ ಎಲ್ಲಿದೆ, ಕ್ಷೇತ್ರವನ್ನು ಯಾವ ಬಿಂದುವಿನಲ್ಲಿ ಕೇಳಿದ್ದಾರೆ ಎಂಬುದನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಅನಂತರ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತುವನ್ನು ತಿರುಗಿಸಿದರೆ ಅಥವಾ ಉದ್ದಕ್ಕೆ ಸರಿಸಿದರೆ ಚಿತ್ರ ಬದಲಾಗುತ್ತದೆಯೇ? ಬದಲಾಗದಿದ್ದರೆ ಕ್ಷೇತ್ರವೂ ಆ ದಿಕ್ಕಿನಲ್ಲಿ ಬದಲಾಗುವುದಿಲ್ಲ. ಅರ್ಧ ಲೆಕ್ಕ ಅಲ್ಲಿಯೇ ಮುಗಿಯುತ್ತದೆ.

ಈ ಅಭ್ಯಾಸಕ್ಕೆ ಒಂದೇ ಲೆಕ್ಕವನ್ನು ಎರಡು ರೀತಿಯಲ್ಲಿ ಮಾಡುವುದು ತುಂಬ ನೆರವಾಗುತ್ತದೆ. ಅನಂತ ಉದ್ದದ ನೇರ ತಂತಿಯೊಂದರ ಮೇಲೆ ಸಮನಾಗಿ ಚಾರ್ಜ್ ಹರಡಿದೆ, ತಂತಿಯಿಂದ ಒಂದಿಷ್ಟು ದೂರದಲ್ಲಿ ಕ್ಷೇತ್ರವೆಷ್ಟು? ಮೊದಲು ತಂತಿಯನ್ನು ತುಂಡು ತುಂಡಾಗಿ ಭಾವಿಸಿ, ಕೂಲಂಬ್ ನಿಯಮದಿಂದ ಪ್ರತಿ ತುಂಡಿನ ಪಾಲನ್ನು ಇಂಟಿಗ್ರೇಟ್ ಮಾಡಿ. ಪೂರ್ತಿ ಒಂದು ಪುಟ ಹಿಡಿಯುತ್ತದೆ. ಆಮೇಲೆ ತಂತಿಯ ಸುತ್ತ ಒಂದು ಕಾಲ್ಪನಿಕ ಸಿಲಿಂಡರ್ ಕಟ್ಟಿ ಗಾಸ್ ನಿಯಮ ಹಚ್ಚಿ. ಎರಡು ಸಾಲಿನಲ್ಲಿ ಅದೇ ಉತ್ತರ ಬರುತ್ತದೆ. ದೂರ ಎರಡರಷ್ಟಾದರೆ ಕ್ಷೇತ್ರ ನಾಲ್ಕರಲ್ಲಿ ಒಂದಾಗದೆ ಅರ್ಧವಾಗುತ್ತದೆ ಎಂಬುದೂ, ಅದಕ್ಕೆ ಸಿಲಿಂಡರಿನ ಮೇಲ್ಮೈ ಬೆಳೆಯುವ ಬಗೆಯೇ ಕಾರಣವೆಂಬುದೂ ಎರಡನೇ ವಿಧಾನದಲ್ಲಿ ಎದ್ದು ಕಾಣುತ್ತದೆ. ಇದೇ ರೀತಿ ಏಕಾಕ್ಷ ಕೇಬಲ್, ಗೋಳ, ಸಮತಲ ಹಾಳೆ, ಸೊಲಿನಾಯ್ಡ್ ಇಷ್ಟನ್ನು ಎರಡೂ ದಾರಿಯಿಂದ ಬಿಡಿಸಿದವರು ಸ್ಥಿರ ಕ್ಷೇತ್ರಗಳ ಭಾಗದಲ್ಲಿ ಹಿಂದೆ ಬೀಳುವುದಿಲ್ಲ.

ಕಾಣದ ಕ್ಷೇತ್ರಕ್ಕೆ ಕಾಣುವ ಸಾಕ್ಷಿ ಬೇಕೆನಿಸಿದರೆ ರಾಯಚೂರಿನ ಸುತ್ತಲಿನ ಹೈಟೆನ್ಷನ್ ಲೈನುಗಳನ್ನು ಗಮನಿಸಿ. 400 ಕೆವಿ ಲೈನಿನಲ್ಲಿ ಸಾಮಾನ್ಯವಾಗಿ ಪ್ರತಿ ಫೇಸಿಗೆ ಎರಡು ವಾಹಕಗಳು, 765 ಕೆವಿ ಲೈನಿನಲ್ಲಿ ನಾಲ್ಕು ವಾಹಕಗಳು ಸ್ಪೇಸರ್‌ಗಳ ನೆರವಿನಿಂದ ಜೊತೆಯಾಗಿ ಸಾಗುತ್ತವೆ. ಹೆಚ್ಚು ಕರೆಂಟು ಹೊರಲು ಎಂಬ ಉತ್ತರ ಅರ್ಧ ಸತ್ಯ. ವಾಹಕ ತೆಳುವಾದಷ್ಟೂ ಅದರ ಮೇಲ್ಮೈಯಲ್ಲಿ ಕ್ಷೇತ್ರ ತೀಕ್ಷ್ಣವಾಗಿ ಸುತ್ತಲಿನ ಗಾಳಿ ಅಯಾನೀಕರಣಗೊಳ್ಳುತ್ತದೆ, ಅದೇ ಕರೋನ. ತಂಪು ಬೆಳಗಿನಲ್ಲಿ ಲೈನಿನ ಕೆಳಗೆ ಕೇಳಿಬರುವ ಚರಚರ ಸದ್ದು ಅದರದ್ದು. ವಾಹಕಗಳನ್ನು ಗುಂಪಾಗಿಸಿದರೆ ಅವೆಲ್ಲ ಸೇರಿ ಒಂದು ದಪ್ಪ ವಾಹಕದಂತೆ ವರ್ತಿಸಿ ಮೇಲ್ಮೈ ಕ್ಷೇತ್ರ ತಗ್ಗುತ್ತದೆ. ಗಾಸ್ ನಿಯಮದ ಆ ಎರಡು ಸಾಲುಗಳಿಂದಲೇ ಇದನ್ನು ತೋರಿಸಬಹುದು.

ಕಾಲದೊಂದಿಗೆ ಬದಲಾಗುವ ಕ್ಷೇತ್ರಗಳಿಗೆ ಬಂದಾಗ ಮ್ಯಾಕ್ಸ್‌ವೆಲ್ಲನ ನಾಲ್ಕು ಸಮೀಕರಣಗಳನ್ನು ಚಿಹ್ನೆಗಳಲ್ಲಿ ಬರೆಯುವ ಮೊದಲು ಒಂದೊಂದನ್ನೂ ಒಂದು ಕನ್ನಡ ವಾಕ್ಯದಲ್ಲಿ ಗೆಳೆಯನಿಗೆ ಹೇಳಿ. ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಯಾಕೆ ಬೇಕಾಯಿತು ಎಂಬುದಕ್ಕೆ ಚಾರ್ಜ್ ಆಗುತ್ತಿರುವ ಕೆಪಾಸಿಟರ್ ಒಂದೇ ಸಾಕು: ತಂತಿಯಲ್ಲಿ ಪ್ರವಾಹವಿದೆ, ಫಲಕಗಳ ನಡುವೆ ಇಲ್ಲ, ಆದರೂ ಸುತ್ತಲಿನ ಕಾಂತಕ್ಷೇತ್ರ ನಡುವೆ ಕಡಿದುಹೋಗುವಂತಿಲ್ಲ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ ಎಂಬುದು ನಿಜ. ಕನ್ನಡ ಮಾಧ್ಯಮದಿಂದ ಬಂದವರು ಅರ್ಥವನ್ನು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡು ಬರವಣಿಗೆಯನ್ನು ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಅಭ್ಯಾಸ ಮಾಡುವುದೇ ಹತ್ತಿರದ ದಾರಿ.

ಮಷೀನ್ಸ್: ನೇಮ್‌ಪ್ಲೇಟಿನಿಂದ ಶುರು ಮಾಡಿ

ಈ ವಿಷಯವನ್ನು ಸುಲಭವೆಂದು ತಿಳಿದು ಎಡವುವವರೇ ಹೆಚ್ಚು. ಟ್ರಾನ್ಸ್‌ಫಾರ್ಮರ್, ಇಂಡಕ್ಷನ್ ಮೋಟಾರ್, ಸಿಂಕ್ರನಸ್ ಜನರೇಟರ್ ಮೂರಕ್ಕೂ ಬೇರೆ ಬೇರೆ ಸೂತ್ರಗಳ ರಾಶಿಯಿದೆ ಎಂಬ ಭಾವನೆಯೇ ತಪ್ಪು. ಟ್ರಾನ್ಸ್‌ಫಾರ್ಮರಿನ ಈಕ್ವಿವಲೆಂಟ್ ಸರ್ಕ್ಯೂಟನ್ನು ಪ್ರತಿ ಅಂಗ ಯಾಕಿದೆ ಎಂದು ಹೇಳುವಷ್ಟು ಚೆನ್ನಾಗಿ ಕಲಿತವರಿಗೆ, ಅದರ ಸೆಕೆಂಡರಿಯೇ ತಿರುಗತೊಡಗಿದರೆ ಇಂಡಕ್ಷನ್ ಮೋಟಾರ್ ಆಗುತ್ತದೆ ಎಂಬುದು ಹೊಳೆಯುತ್ತದೆ.

ಯಾವುದಾದರೂ ಮಿಲ್ಲಿನ ಮೋಟಾರಿನ ನೇಮ್‌ಪ್ಲೇಟ್ ನೋಡಿ ಬರೆದುಕೊಳ್ಳಿ. ನಿಮಿಷಕ್ಕೆ 1,440 ಸುತ್ತು ಎಂದಿದ್ದರೆ ಅದು ನಾಲ್ಕು ಪೋಲಿನ ಯಂತ್ರ, ಸಿಂಕ್ರನಸ್ ವೇಗ 1,500, ಸ್ಲಿಪ್ (ಆ ವೇಗಕ್ಕಿಂತ ರೋಟರ್ ಹಿಂದೆ ಬೀಳುವ ಪಾಲು) ಶೇ 4, ರೋಟರಿನೊಳಗಿನ ಪ್ರವಾಹದ ಆವರ್ತನ ಕೇವಲ 2 ಹರ್ಟ್ಜ್. ಒಂದೇ ಅಂಕಿಯಿಂದ ಇಷ್ಟು ಹೊರಬರುತ್ತದೆ. ಜನರೇಟರಿಗೂ ಹೀಗೆಯೇ ಮಾಡಿ: 210 ಮೆಗಾವ್ಯಾಟ್ ಘಟಕಗಳಲ್ಲಿ ಸಾಮಾನ್ಯವಾಗಿ ಬಳಸುವ ವೋಲ್ಟೇಜ್ 15.75 ಕೆವಿ, ಪವರ್ ಫ್ಯಾಕ್ಟರ್ 0.85 ಎಂದಿಟ್ಟುಕೊಂಡರೆ ಪ್ರವಾಹ ಸುಮಾರು 9,050 ಆಂಪಿಯರ್. ಅಷ್ಟೇ ಶಕ್ತಿಯನ್ನು 220 ಕೆವಿಗೆ ಏರಿಸಿದರೆ ಪ್ರವಾಹ ಸುಮಾರು 650 ಆಂಪಿಯರಿಗೆ ಇಳಿಯುತ್ತದೆ. ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಯಾಕೆ ಎಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಹಬೆಯ ಟರ್ಬೈನಿಗೆ ಜೋಡಿಸಿದ ಎರಡು ಪೋಲಿನ ಜನರೇಟರ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಜಲವಿದ್ಯುದಾಗಾರದ ಯಂತ್ರ ನಿಧಾನವಾಗಿ ತಿರುಗಿಯೂ ಅದೇ 50 ಹರ್ಟ್ಜ್ ಕೊಡುವುದು ಪೋಲುಗಳ ಸಂಖ್ಯೆ ಹೆಚ್ಚಿರುವುದರಿಂದ. ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಮುಂಚಿತವಾಗಿ ಅನುಮತಿ ಪಡೆದು ಮುನಿರಾಬಾದ್‌ಗೂ ಶಕ್ತಿನಗರಕ್ಕೂ ಹೋಗಿಬಂದರೆ ಸೇಲಿಯೆಂಟ್ ಪೋಲ್ ಮತ್ತು ಸಿಲಿಂಡ್ರಿಕಲ್ ರೋಟರ್‌ಗಳ ವ್ಯತ್ಯಾಸವನ್ನು ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ. ಮುನಿರಾಬಾದ್‌ಗೆ ಹೋಗುವುದಾದರೆ ಕಾಲುವೆಗೆ ನೀರು ಬಿಟ್ಟಿರುವ ದಿನಗಳನ್ನು ಆರಿಸಿಕೊಳ್ಳಿ.

ಫೇಸರ್ ಚಿತ್ರಗಳನ್ನು ಮಾತ್ರ ಸ್ಕೇಲ್, ಕೋನಮಾಪಕ ಹಿಡಿದು ಅಳತೆಗೆ ಸರಿಯಾಗಿ ಬರೆಯಿರಿ. ಲೆಕ್ಕದಿಂದ ಬಂದ ಉತ್ತರವೂ ಚಿತ್ರದಲ್ಲಿ ಅಳೆದ ಉತ್ತರವೂ ತಾಳೆಯಾಗದಿದ್ದರೆ ಎಲ್ಲೋ ಲೀಡಿಂಗ್, ಲ್ಯಾಗಿಂಗ್ ಅದಲುಬದಲಾಗಿರುತ್ತದೆ.

ಸಿಗ್ನಲ್ಸ್ ಮತ್ತು ಕಂಟ್ರೋಲ್

ಸಿಗ್ನಲ್ಸ್‌ನಲ್ಲಿ ಹೆಚ್ಚು ಕಾಡುವುದು ಕನ್ವಲ್ಯೂಷನ್. ಸಣ್ಣ ಸರಣಿಗಳಿಂದ ಶುರು ಮಾಡಿ: 1, 2, 3 ಎಂಬ ಸರಣಿಯನ್ನು 1, 1 ಎಂಬುದರೊಂದಿಗೆ ಕನ್ವಾಲ್ವ್ ಮಾಡಿದರೆ 1, 3, 5, 3 ಬರುತ್ತದೆ. ಉತ್ತರದ ಮೊತ್ತ 12, ಮೂಲ ಸರಣಿಗಳ ಮೊತ್ತಗಳಾದ 6 ಮತ್ತು 2ರ ಗುಣಲಬ್ಧವೂ 12. ಈ ತಾಳೆ ನೋಡುವ ಕ್ರಮವನ್ನು ರೂಢಿಸಿಕೊಂಡರೆ ಪರೀಕ್ಷೆಯಲ್ಲಿ ತಪ್ಪು ಅಲ್ಲಿಯೇ ಸಿಗುತ್ತದೆ. ಫೂರಿಯರ್ ಮತ್ತು ಲಾಪ್ಲಾಸ್ ಕೋಷ್ಟಕಗಳಿಗೆ ಹೆದರಬೇಕಿಲ್ಲ; ಮೂಲ ಜೋಡಿಗಳು ಕೆಲವೇ, ಉಳಿದವನ್ನು ಗುಣಧರ್ಮಗಳಿಂದ ಪಡೆಯಬಹುದು.

ಕಂಟ್ರೋಲ್ ಸಿಸ್ಟಮ್ಸ್‌ಗೆ ನಾನು ಸೂಚಿಸುವ ಅಭ್ಯಾಸ ಒಂದೇ: ಒಂದು ವ್ಯವಸ್ಥೆಯನ್ನು ಹಿಡಿದು ಅದನ್ನು ಪಠ್ಯದ ಎಲ್ಲ ವಿಧಾನಗಳಿಂದಲೂ ಬಿಡಿಸುವುದು. ಓಪನ್ ಲೂಪಿನ ಅಂಶದಲ್ಲಿ ಕೆ ಎಂಬ ಗೇನ್, ಛೇದದಲ್ಲಿ ಎಸ್, ಎಸ್ ಪ್ಲಸ್ 1, ಎಸ್ ಪ್ಲಸ್ 2 ಇವುಗಳ ಗುಣಲಬ್ಧ ಇರುವ ವ್ಯವಸ್ಥೆ ತೆಗೆದುಕೊಳ್ಳಿ. ಯುನಿಟಿ ಫೀಡ್‌ಬ್ಯಾಕ್ ಕೊಟ್ಟು ರೌತ್ ಕೋಷ್ಟಕ ಬರೆದರೆ ಗೇನ್ 6ಕ್ಕಿಂತ ಕಡಿಮೆಯಿದ್ದಾಗ ಮಾತ್ರ ಸ್ಥಿರ ಎಂದು ಬರುತ್ತದೆ. ರೂಟ್ ಲೋಕಸ್ ಬರೆದರೆ ಶಾಖೆಗಳು ಕಾಲ್ಪನಿಕ ಅಕ್ಷವನ್ನು 2ರ ವರ್ಗಮೂಲದಷ್ಟು, ಅಂದರೆ ಸೆಕೆಂಡಿಗೆ ಸುಮಾರು 1.41 ರೇಡಿಯನ್ ಬಳಿ ದಾಟುತ್ತವೆ, ಆಗಲೂ ಗೇನ್ 6. ಬೋಡೆ ಚಿತ್ರದಲ್ಲಿ ಅದೇ ಆವರ್ತನದಲ್ಲಿ ಫೇಸ್ ಮೈನಸ್ 180 ಡಿಗ್ರಿ ಮುಟ್ಟುತ್ತದೆ. ನೈಕ್ವಿಸ್ಟ್ ಚಿತ್ರ ಗೇನ್ 6 ಆದಾಗ ಮೈನಸ್ 1 ಬಿಂದುವಿನ ಮೂಲಕವೇ ಹಾಯುತ್ತದೆ. ನೈಕ್ವಿಸ್ಟ್ 1932ರಲ್ಲಿಯೂ ಇವಾನ್ಸ್ 1948ರಲ್ಲಿಯೂ ಬೇರೆ ಬೇರೆ ಅಗತ್ಯಗಳಿಗೆ ಕಟ್ಟಿದ ವಿಧಾನಗಳು ಒಂದೇ ಅಂಕಿಗೆ ಬಂದು ನಿಲ್ಲುವುದನ್ನು ಸ್ವಂತ ಕೈಯಿಂದ ಕಂಡವರಿಗೆ ಅವು ನಾಲ್ಕು ಅಧ್ಯಾಯಗಳಾಗಿ ಉಳಿಯುವುದಿಲ್ಲ. ನೈಕ್ವಿಸ್ಟನ್ನು ನೇರವಾಗಿ ಬರೆಯಲು ಹೋಗದೆ ಬೋಡೆಯಿಂದ ಅಂಕಿಗಳನ್ನು ಎತ್ತಿ ಬರೆಯುವುದು ಸುಲಭ.

ಪವರ್ ಸಿಸ್ಟಮ್ ಅನಾಲಿಸಿಸ್

ಇಲ್ಲಿ ತತ್ತ್ವ ಕಡಿಮೆ, ಲೆಕ್ಕ ಹೆಚ್ಚು. ಪರ್ ಯುನಿಟ್ ಪದ್ಧತಿ, ಅಂದರೆ ಪ್ರತಿ ಪರಿಮಾಣವನ್ನೂ ಒಂದು ಆಧಾರ ಮೌಲ್ಯದ ಪಾಲಾಗಿ ಬರೆಯುವುದು, ಒಂದು ಕಿರಿಕಿರಿ ಎಂದು ತೋರುವುದು ಅದರ ಲಾಭ ಕಾಣುವವರೆಗೆ ಮಾತ್ರ. ತಾಲ್ಲೂಕಿನ ಜೆಸ್ಕಾಂ ಉಪಕೇಂದ್ರವೊಂದರಲ್ಲಿ 10 ಎಂವಿಎ ಸಾಮರ್ಥ್ಯದ 33/11 ಕೆವಿ ಟ್ರಾನ್ಸ್‌ಫಾರ್ಮರ್ ಇದೆ, ಅದರ ಇಂಪಿಡೆನ್ಸ್ ಶೇ 10 ಎಂದುಕೊಳ್ಳಿ. ಮೂಲದ ಇಂಪಿಡೆನ್ಸನ್ನು ಗಣಿಸದಿದ್ದರೆ 11 ಕೆವಿ ಬಸ್ಸಿನ (ಲೈನುಗಳೆಲ್ಲ ಬಂದು ಕೂಡುವ ವಾಹಕದ) ತ್ರೀ-ಫೇಸ್ ಫಾಲ್ಟ್ 10ನ್ನು 0.1ರಿಂದ ಭಾಗಿಸಿದಷ್ಟು, ಅಂದರೆ 100 ಎಂವಿಎ, ಸುಮಾರು 5.25 ಕಿಲೋ ಆಂಪಿಯರ್. ಓಮ್‌ಗಳಲ್ಲಿ ಮಾಡಿದ್ದರೆ ಎರಡೂ ಬದಿಯ ವೋಲ್ಟೇಜುಗಳನ್ನು ಎಳೆದಾಡಬೇಕಾಗುತ್ತಿತ್ತು.

ಲೈನುಗಳಲ್ಲಿ ಆಗುವ ದೋಷಗಳಲ್ಲಿ ಬಹುಪಾಲು ಒಂದೇ ಫೇಸು ನೆಲಕ್ಕೆ ತಾಗುವಂಥವು. ಅಸಮತೋಲದ ಈ ಸ್ಥಿತಿಯನ್ನು ಮೂರು ಸಮತೋಲಿತ ಗುಂಪುಗಳಾಗಿ ಒಡೆಯುವ ಉಪಾಯವನ್ನು ಫೋರ್ಟೆಸ್ಕ್ಯೂ 1918ರಲ್ಲಿ ಕೊಟ್ಟರು. ಇದನ್ನು ಕಲಿಯುವಾಗ ಮೊದಲು ಸೀಕ್ವೆನ್ಸ್ ನೆಟ್‌ವರ್ಕುಗಳನ್ನು ಬರೆಯುವುದನ್ನೇ, ವಿಶೇಷವಾಗಿ ಡೆಲ್ಟಾ ವೈಂಡಿಂಗ್ ಬಂದಲ್ಲಿ ಜೀರೋ ಸೀಕ್ವೆನ್ಸ್ ದಾರಿ ಎಲ್ಲಿ ಕಡಿಯುತ್ತದೆ ಎಂಬುದನ್ನೇ, ಅಭ್ಯಾಸ ಮಾಡಿ. ಅಂಕ ಹೋಗುವುದು ಅಲ್ಲಿಯೇ. ಲೋಡ್ ಫ್ಲೋಗೆ ಮೂರು ಬಸ್ಸಿನ ಲೆಕ್ಕವನ್ನು ಗಾಸ್-ಸೈಡೆಲ್ ವಿಧಾನದಲ್ಲಿ ಕೈಯಿಂದ ಎರಡು ಆವರ್ತನೆ ಮಾಡಿ, ಅನಂತರ ಉಚಿತವಾಗಿ ಸಿಗುವ ಆಕ್ಟೇವ್ ಅಥವಾ ಸೈಲ್ಯಾಬ್‌ನಲ್ಲಿ ಅದನ್ನೇ ಬರೆದು ಪೂರ್ತಿ ಓಡಿಸಿ. ಪ್ರೋಗ್ರಾಂ ಬರೆಯುವಾಗ ತಿಳಿಯುವಷ್ಟು ಓದುವಾಗ ತಿಳಿಯುವುದಿಲ್ಲ.

ಸ್ಟೆಬಿಲಿಟಿ ಅಧ್ಯಾಯಕ್ಕೆ ಒಂದು ನೈಜ ಉದಾಹರಣೆ ನಮ್ಮಲ್ಲಿಯೇ ಇದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆಗುವವರೆಗೆ ದಕ್ಷಿಣದ ಗ್ರಿಡ್ಡು ದೇಶದ ಉಳಿದ ಭಾಗದೊಂದಿಗೆ ಎಚ್‌ವಿಡಿಸಿ (ಅಧಿಕ ವೋಲ್ಟೇಜಿನ ಡಿಸಿ) ಸಂಪರ್ಕಗಳ ಮೂಲಕ ಮಾತ್ರ ಬೆಸೆದಿತ್ತು, ಎರಡರ ಆವರ್ತನ ಬೇರೆ ಬೇರೆಯಾಗಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ದಕ್ಷಿಣ ಉಳಿದುಕೊಂಡದ್ದಕ್ಕೆ ಇದೇ ಕಾರಣ. ಎಸಿ ಲೈನಿನಿಂದ ಕೂಡಿಸಿದ ಮೇಲೆ ರೋಟರ್ ಕೋನಗಳು ಪರಸ್ಪರ ಅವಲಂಬಿಸುತ್ತವೆ, ಎಚ್‌ವಿಡಿಸಿಯಲ್ಲಿ ಹಾಗಾಗುವುದಿಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ಸ್ವಿಂಗ್ ಸಮೀಕರಣವನ್ನೂ ಈಕ್ವಲ್ ಏರಿಯಾ ನಿಯಮವನ್ನೂ ಓದಿದರೆ ಆ ಅಧ್ಯಾಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಪವರ್ ಎಲೆಕ್ಟ್ರಾನಿಕ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಗ್ರಾಫ್ ಹಾಳೆಯಲ್ಲಿ ಇನ್‌ಪುಟ್ ವೋಲ್ಟೇಜ್, ಗೇಟ್ ಪಲ್ಸ್, ಔಟ್‌ಪುಟ್ ವೋಲ್ಟೇಜ್, ಪ್ರವಾಹ ಇವನ್ನು ಒಂದರ ಕೆಳಗೊಂದು, ಕಾಲದ ಅಕ್ಷ ನೇರವಾಗುವಂತೆ ಬರೆಯುವುದನ್ನು ಕಲಿತರೆ ಸೂತ್ರಗಳನ್ನು ಆ ಚಿತ್ರದಿಂದಲೇ ಹೊರತೆಗೆಯಬಹುದು.

ವಿಷಯಗಳು ಈಗಾಗಲೇ ಉಳಿದಿದ್ದರೆ ಬರೆಯುವ ಕ್ರಮವನ್ನು ಸೆಮಿಸ್ಟರ್ ಸಂಖ್ಯೆಯಿಂದ ನಿರ್ಧರಿಸಬೇಡಿ. ಸರ್ಕ್ಯೂಟ್ಸ್ ಮತ್ತು ಪವರ್ ಸಿಸ್ಟಮ್ ಎರಡೂ ಬಾಕಿಯಿದ್ದರೆ ಸರ್ಕ್ಯೂಟ್ಸ್ ಮೊದಲು, ಗಣಿತ ಮತ್ತು ಕಂಟ್ರೋಲ್ ಬಾಕಿಯಿದ್ದರೆ ಗಣಿತ ಮೊದಲು. ಫೀಲ್ಡ್ ಥಿಯರಿಯನ್ನು ಇನ್ನೊಂದು ದೊಡ್ಡ ವಿಷಯದ ಜೊತೆ ಒಂದೇ ಅವಧಿಗೆ ಇಟ್ಟುಕೊಳ್ಳದಿರುವುದು ಲೇಸು. ಬೇಸಿಗೆಯ ಪರೀಕ್ಷೆಗಳಿಗೆ ಓದುವವರು, ತಾಪಮಾನ 40 ಡಿಗ್ರಿ ದಾಟುವ ನಮ್ಮ ಮಧ್ಯಾಹ್ನಗಳನ್ನು ಅಂದವಾಗಿ ನೋಟ್ಸ್ ಬರೆಯುವಂಥ ಹಗುರ ಕೆಲಸಕ್ಕೆ ಬಿಟ್ಟು, ಡೆರಿವೇಷನ್ ಮತ್ತು ಉದ್ದದ ಲೆಕ್ಕಗಳನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಲಿ.